ಹೇಸದ ಕೈಗಳು

ಸಿಸ್ಟರ್ ಅವರ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದಂತೆ ಬಿಳಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಸೇಡಂ ದವಾಖಾನೆಯಲ್ಲಿ ನರ್ಸ್ ಆಗಿದ್ದ ಅವರು ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮುನ್ನ ಕೈ ತೊಳೆಯಲೇಬೇಕು. ಮನೆಗೆ ಬಂದವರಿಗೂ "ಮೊದಲ ಕೈ ತೊಕ್ಕೊಂಡು ಬರ್ರಿ" ಎನ್ನುತ್ತಿದ್ದರು.

ಚಿಕ್ಕಂದಿನಲ್ಲಿ ಕುದಿಯುವ ಬೇಳೆ ಬಿದ್ದು ನನ್ನ ತೊಡೆ ಸುಟ್ಟಿತ್ತು. ಕೆಲಸ ಮುಗಿಸಿ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದು ಪಟ್ಟಿ ಬದಲಿಸುತ್ತಿದ್ದವರು ಅವರೇ. ಕೀವಿನ ನಾತಕ್ಕೆ ನನ್ನ ಅವ್ವನೂ ಮುಖ ತಿರುಗಿಸುತ್ತಿದ್ದಳು. ಸಿಸ್ಟರ್ ಬಗ್ಗಿ ಮೂಸಿ, "ಇವತ್ತ ವಾಸನಿ ಕಮ್ಮಿ ಆಗ್ಯಾದ, ಆರಾಮ ಆಗ್ತೀ ತಮ್ಮಾ" ಎನ್ನುತ್ತಿದ್ದರು.

ನಮ್ಮ ಓಣಿಯ ಕಿರಾಣಿ ಸಾವುಕಾರನ ಕಾಲಿಗೆ ಸಕ್ಕರೆ ಕಾಯಿಲೆಯಿಂದ ಹುಣ್ಣಾಗಿ ಹುಳ ಬಿದ್ದಾಗ, ಒಂದೊಂದೇ ಹುಳವನ್ನು ಚಿಮಟದಿಂದ ಹಿಡಿದು ತೆಗೆದವರೂ ಅವರೇ. ಆ ಮನೆಯಲ್ಲಿ ಅವರಿಗೆ ಚಹಾ ಕೊಡಲು ಬೇರೆ ಲೋಟವಿತ್ತು; ಅದನ್ನು ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿಡುತ್ತಿದ್ದರು. ಸಿಸ್ಟರ್ ಮನೆತನದವರು ಬೌದ್ಧರಾಗಿ ತಲೆಮಾರು ಕಳೆದಿದ್ದರೂ ಊರು ಅವರ ಹಳೆಯ ಜಾತಿಯನ್ನು ಮರೆತಿರಲಿಲ್ಲ. ಅವರು ಹುಣ್ಣು ಮುಟ್ಟಬಹುದು, ಮನೆಯ ಲೋಟ ಮುಟ್ಟಬಾರದು. ನೆನೆದರೆ ಇಂದಿಗೂ ಹೇಸಿಕೆಯಿಂದ ಬಾಯಲ್ಲಿ ಉಗುಳು ತುಂಬುತ್ತದೆ.

ನಿವೃತ್ತಿಯಾದ ಮೇಲೆ ಸಿಸ್ಟರ್ ತಮ್ಮ ವಿಧವೆ ತಂಗಿಯ ಜೊತೆ ಇದ್ದರು. ಕೆಲವು ವರ್ಷ ಕಳೆದು ಮರೆವು ಶುರುವಾಯಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಕೇಳಿದ್ದನ್ನೇ ಮತ್ತೆ ಕೇಳುವುದು. ಅಷ್ಟನ್ನು ತಂಗಿ ಸಂಭಾಳಿಸುತ್ತಿದ್ದರು. ಆಮೇಲೆ ಅಂಜಿಕೆ ಬಂತು. "ನನ್ನ ಪಲಂಗದ ಮ್ಯಾಲ ಯಾರೋ ಕುಂತಾರ, ಎಬ್ಬಸು" ಎನ್ನುವರು. ಏನೋ ಬೆರೆಸಿದ್ದಾಳೆಂದು ತಂಗಿ ಮಾಡಿದ ಅಡುಗೆ ಮುಟ್ಟರು. ಒಮ್ಮೆ ನಳದ ಹತ್ತಿರ ನಿಂತಿದ್ದ ಹೆಂಗಸರಿಗೆ ಸೀರೆ ಕದ್ದಿರೆಂದು ಬೈದುಬಿಟ್ಟರು.

ಓಣಿಗೆ ಅಷ್ಟೇ ಸಾಕಾಯಿತು. "ಅರವತ್ತಕ್ಕ ಅರಳು ಮರಳು" ಎಂದು ನಗುವವರು ನಕ್ಕರು. ಸಾವುಕಾರ ಅವರನ್ನು ಅಂಗಡಿಯ ಕಟ್ಟೆ ಹತ್ತಗೊಡಲಿಲ್ಲ. "ಹುಚ್ಚ ಹಿಡದದ ಅಕಿಗಿ. ದೂರ ನಿಂದರಸು, ಹೇಸಿಗಿ ಆಗ್ತದ" ಎಂದು ತಂಗಿಗೆ ಹೇಳಿದ. ಸಿಸ್ಟರ್ ಅಂದೂ ಸ್ನಾನ ಮಾಡಿ ಇಸ್ತ್ರಿ ಸೀರೆ ಉಟ್ಟೇ ಹೋಗಿದ್ದರು.

ನಾನಾಗ ಚಿತ್ತಾಪುರದಲ್ಲಿ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ ಸಿಸ್ಟರ್ ಅವರ ತಂಗಿ ಫೋನ್ ಮಾಡಿ ಅತ್ತರು. "ಲಗೂನ ಬಾ ತಮ್ಮಾ. ಓಣಿ ಮಂದಿ ದೆವ್ವದ ಗಾಳಿ ಬಿಡಸ್ತೀನನ್ನೋ ಒಬ್ಬಾಂವನ್ನ ಕರಕೊಂಡು ಬಂದಾರ. ನನ್ನ ಮಾತು ಯಾರೂ ಕೇಳವಲ್ರು."

ನಾನು ಹೋದಾಗ ಅಂಗಳದ ತುಂಬ ಮೆಣಸಿನಕಾಯಿ ಹೊಗೆ. ಇಬ್ಬರು ಗಂಡಸರು ಸಿಸ್ಟರ್ ಭುಜ ಒತ್ತಿ ಹಿಡಿದಿದ್ದರು. ಮಂತ್ರವಾದಿ ಕೆಂಡದ ತಾಟನ್ನು ಅವರ ಮುಖಕ್ಕೆ ಹಿಡಿದಿದ್ದ. ಕಣ್ಣು ಮೂಗು ಬಾಯಿ ಎಲ್ಲ ಸೋರುತ್ತಿದ್ದವು. ಸುತ್ತ ನಿಂತವರು ಮೊಬೈಲ್ ಎತ್ತಿ ಹಿಡಿದಿದ್ದರು. ಅವರಲ್ಲಿ ಅರ್ಧ ಮಂದಿಯ ಗಾಯ ತೊಳೆದದ್ದು ಆ ಹೆಂಗಸೇ. ಸಾವುಕಾರ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ.

ತಾಟನ್ನು ಕಿತ್ತು ಅತ್ತ ಎಸೆದೆ. "ನಾಚಿಕಿ ಬರಂಗಿಲ್ಲೇನು ನಿಮಗ?" ಎಂದು ಚೀರಿದೆ.

ಸಿಸ್ಟರ್ ಕೆಮ್ಮುತ್ತಲೇ ನನ್ನ ಗುರುತು ಹಿಡಿದರು. "ತಮ್ಮಾ, ಇವ್ರ್ಯಾರೂ ಕೈ ತೊಳದಿಲ್ಲ ನೋಡು. ಹಂಗೇ ಮುಟ್ಟಾಕತ್ತಾರ."

ಆ ಕೈಗಳನ್ನು ಕಿತ್ತು ಬಿಡಿಸಿ, ನನ್ನ ಕೈ ತೊಳೆದು ಬಂದು ಅವರನ್ನು ಎಬ್ಬಿಸಿದೆ.

ಮರುದಿನ ಕಲಬುರಗಿಗೆ ಕರೆದೊಯ್ದೆವು. ಮನೋರೋಗದ ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿಸಿ, ತಪಾಸಣೆ ಮಾಡಿಸಿ ಹೇಳಿದರು: "ಹುಚ್ಚಲ್ಲರಿ ಇದು. ಮರೆವಿನ ಬ್ಯಾನಿ ಇನ್ನಾ ಸಣ್ಣದದ. ಅದರ ಜೋಡಿ ಒಬ್ಬೊಬ್ಬರಿಗಿ ಅಂಜಿಕಿ, ಸಂಶಯ ಬರ್ತಾವ. ಇಲ್ಲದ ಮಂದಿ ಕಾಣಸ್ತಾರ. ಔಷಧ ಅದ. ಮೊದಲೇ ಕರಕೊಂಡು ಬರಬೇಕಿತ್ತು."

ಔಷಧ ನಾಟಿದಂತೆ ಪಲಂಗದ ಮೇಲೆ ಕೂತವರು ನಿಧಾನವಾಗಿ ಎದ್ದು ಹೋದರು. ಸಿಸ್ಟರ್ ತಂಗಿಯ ಕೈ ಅಡುಗೆ ಉಂಡರು, ನಿದ್ದೆ ಮಾಡಿದರು. ಮರೆವು ಮಾತ್ರ ಉಳಿಯಿತು; ಹೋದಾಗಲೆಲ್ಲ ನನ್ನ ಮಗಳ ಹೆಸರು ಕೇಳುತ್ತಿದ್ದರು.

ಅಷ್ಟರಲ್ಲಿ ಸಾವುಕಾರನ ಕಾಲಿನ ಹುಣ್ಣು ಮತ್ತೆ ಒಡೆಯಿತು. ಸಿಸ್ಟರ್‌ಗೆ ಹಿತ್ತಲ ಬಾಗಿಲಿಗೆ ಬರಲು ಹೇಳಿ ಕಳಿಸಿದ. ಇವರು ತಂಗಿಯನ್ನು ಜೊತೆಗೆ ಕರೆದುಕೊಂಡು ದಿನಾ ಹೋದರು! ನನಗೆ ಮೈಯೆಲ್ಲ ಉರಿಯಿತು.

"ಯಾಕ ಹೋದ್ರಿ? ಅಂವ ಏನು ಮಾಡಿದ ಅನ್ನೋದು ನೆನಪಿಲ್ಲೇನು?"

"ಅದ. ಭಾಳ ಮರತೀನಿ, ಅದು ಮರತಿಲ್ಲ" ಎಂದರು. ಕೈ ಸೆರಗಿಗೆ ಒರೆಸಿಕೊಂಡು, "ಹುಣ್ಣಿಗೇನು ಗೊತ್ತು ತಮ್ಮಾ, ತಾ ಎಂಥವನ ಕಾಲಾಗ ಅದೀನಂತ?" ಎಂದರು.

ಅವರಿಂದ ಕಲಿತದ್ದು ಬಹಳ. ಇದೊಂದನ್ನು ಕಲಿಯಲು ನನ್ನಿಂದ ಆಗಿಲ್ಲ.

ಕಳೆದ ಚಳಿಗಾಲದಲ್ಲಿ ಜ್ವರ ಬಂದು ಸಿಸ್ಟರ್ ತೀರಿಕೊಂಡರು. ಚಟ್ಟ ಹೊತ್ತು ಹೊರಡುವಾಗ ಸಾವುಕಾರ ಬಂದು ರಸ್ತೆಯ ಆಚೆ ನಿಂತ, ಮೂಗಿಗೆ ಕರವಸ್ತ್ರ ಹಿಡಿದು. ತಂಗಿ ಆಗಷ್ಟೇ ಅಕ್ಕನಿಗೆ ಸ್ನಾನ ಮಾಡಿಸಿದ್ದರು. ಮಲ್ಲಿಗೆಯ ಹೊರತು ಅಲ್ಲಿ ಯಾವ ವಾಸನೆಯೂ ಇರಲಿಲ್ಲ.

ನಾನು ದಾಟಿ ಹೋಗಿ ಕೇಳಿದೆ: "ಕಾಲು ಆರಾಮ ಅದ ಏನ್ರಿ?"

"ಪೂರಾ ಮಾಯ್ದದ" ಎಂದ.

"ಹಂಗಾದ್ರ ಬರ್ರಿ, ಹೆಗಲು ಕೊಡ್ರಿ."

ಸಾವುಕಾರ ಆಚೀಚೆ ನೋಡಿದ. ಆಮೇಲೆ ಒಂಚೂರೂ ಕುಂಟದೆ, ಬಿರಬಿರನೆ ಮನೆಯ ಕಡೆ ನಡೆದುಹೋದ.