ಬಾವಿಯ ಈಜು

ನಮ್ಮ ಬೀದಿಯ ಮಗ್ಗದ ಮೇಸ್ತ್ರಿ ಈಜು ಕಲಿತದ್ದು ದುಂಡು ಬಾವಿಯಲ್ಲಿ. ಹಾಗಾಗಿ ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ಸ್ಪರ್ಧೆಯ ದಿನ ಕೆರೆಗಿಳಿದರೂ ನೇರ ಹೋಗದೆ ಬಲಕ್ಕೇ ಸುತ್ತುತ್ತಿದ್ದರು. ಅಲ್ಲಿ ಕಳೆದ ಹೊತ್ತನ್ನು ಮಾಕಳಿದುರ್ಗದ ದಾರಿಯ ಬಿಸಿಲಲ್ಲಿ ಸೈಕಲ್ ತುಳಿದು ತುಂಬಿಕೊಳ್ಳಬೇಕು. "ಇನ್ನೊಂದೇ ಏರು ಕಣೋ" ಎಂದು ಜೊತೆಗೆ ತುಳಿಯುವ ನನಗೆ ಹೇಳುತ್ತಿದ್ದರು. ಪ್ರತಿ ವರ್ಷವೂ ಕೊನೆಯ ಏರಿನ ಬುಡದಲ್ಲಿ, ಹೊತ್ತು ಮೀರಿತೆಂದು ಸ್ಪರ್ಧೆಯವರು ತಡೆದು, ಮೇಸ್ತ್ರಿಯ ಕಾಲಿಗೆ ಕಟ್ಟಿದ್ದ, ಹೊತ್ತು ಅಳೆಯುವ ಚಿಪ್ ಪಟ್ಟಿಯನ್ನು ಬಿಚ್ಚಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಅಲ್ಲಿಗೆ ಬಂದಾಗ, ಯಾರೂ ತಡೆಯುವ ಮೊದಲೇ ಮೇಸ್ತ್ರಿ ಇಳಿದು, ತಾವೇ ಪಟ್ಟಿ ಬಿಚ್ಚಿ ಕಾವಲಿದ್ದ ಹುಡುಗಿಯ ಕೈಗಿಟ್ಟರು.

"ಅಂಕಲ್, ಇನ್ನೂ ಆರು ನಿಮಿಷ ಇದೆ, ಹೋಗಿ!" ಎಂದಳು ಅವಳು.

ಮೇಸ್ತ್ರಿ ಏರನ್ನು ನೋಡಿ ರಸ್ತೆಯಂಚಿನಲ್ಲಿ ಕೂತರು.

"ಇನ್ನೊಂದೇ ಏರು ಮೇಸ್ತ್ರಿ," ಎಂದೆ.

ಕಾಲಿನ ಮೇಲೆ ಪಟ್ಟಿ ಬಿಟ್ಟ ಗುರುತನ್ನು ಉಜ್ಜುತ್ತಾ, "ನೀನ್ ಹೋಗಪ್ಪ" ಎಂದರು.