ಚರಗದ ದಿನದ ಸೂಜಿ

ನಮ್ಮ ಸಂಗಮ್ಮ ಕಾಕಿ ಬೆಳಗಾದರೆ ಗಂಡನನ್ನು ಚುಚ್ಚದೆ ರೊಟ್ಟಿಯ ಹಿಟ್ಟಿಗೆ ಕೈ ಹಾಕುತ್ತಿರಲಿಲ್ಲ. ಮಾತಿನಿಂದ ಚುಚ್ಚುವುದು ಬೇರೆ, ಅದು ದಿನವಿಡೀ ನಡೆಯುತ್ತಿತ್ತು; ನಾನು ಹೇಳುತ್ತಿರುವುದು ಸೂಜಿಯ ಮಾತು.

ಗಂಡ ಮಹಾರುದ್ರಪ್ಪ ಕಾಕಾನಿಗೆ ಸಕ್ಕರೆ ಕಾಯಿಲೆ. ಬಸವಕಲ್ಯಾಣದ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟ ಮೇಲೆ ಗಾಜಿನ ಸಿರಿಂಜು ಮನೆಗೆ ಬಂತು. ಅದನ್ನೂ ಅದರ ಸೂಜಿಯನ್ನೂ ಕಾಕಿ ದಿನಾ ಕುದಿಸುವಳು, ಸೂಜಿ ಮೊಂಡಾದರೆ ಸಾಣೆಕಲ್ಲಿಗೆ ತಿಕ್ಕುವಳು. ಔಷಧದ ಬಾಟಲಿ ಹಸಿ ಮರಳಿನ ಮಡಕೆಯಲ್ಲಿ ರಾಜನ ಹಾಗೆ ತಣ್ಣಗೆ ಕೂತಿರುತ್ತಿತ್ತು. ಆ ದಪ್ಪ ಸೂಜಿ ತಾಗಿದೊಡನೆ ಕಾಕಾ ಹಾಕುವ ಕೂಗಿಗೆ ಓಣಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಇಂಥ ಕಾಕಾನಿಗೆ ಎಳ್ಳಮಾವಾಸ್ಯೆ ಎಂದರೆ ಜೀವ. ಅಂದು ನಾರಾಯಣಪುರದ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಭೂತಾಯಿಗೆಂದು ರೊಟ್ಟಿ ಮತ್ತು ಕಾಳು ಸೊಪ್ಪು ಬೇಯಿಸಿದ ಭಜ್ಜಿಯ ಚರಗವನ್ನು ಹೊಲದ ತುಂಬ ಚೆಲ್ಲಿದ ಮೇಲೆಯೇ ಮನೆಮಂದಿ ಉಣ್ಣಬೇಕು. ಚರಗ ಚೆಲ್ಲುವ ಕೈ ಕಾಕಾನದೇ. ಅದನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ.

ಎಪ್ಪತ್ತೆಂಟನೇ ಇಸವಿಯ ಅಮಾವಾಸ್ಯೆಗೆ ಕಾಕಿ ಒಂದು ಎಡವಟ್ಟು ಮಾಡಿದಳು. ಹೊಲದಲ್ಲಿ ಗಾಜು ಕುದಿಸುವ ರಗಳೆ ಬೇಡವೆಂದು ಮನೆಯಲ್ಲೇ ಚುಚ್ಚಿ ಬಂಡಿ ಹತ್ತಿಸಿದಳು. ಚುಚ್ಚಿದ ಅರ್ಧ ತಾಸಿನೊಳಗೆ ಹೊಟ್ಟೆಗೆ ಬೀಳಬೇಕೆಂದು ಡಾಕ್ಟರು ಹೇಳಿದ್ದರು, ನಿಜ. ಆದರೆ ಚರಗಕ್ಕಿಂತ ಮೊದಲು ಉಣ್ಣುವುದುಂಟೆ? ಬೀಗರು ಬರಲಿ ಎಂದು ಪೂಜೆಯೂ ತಡವಾಯಿತು. ಕಾಕಾ ಬೆವೆತ, ಸುಮ್ಮಸುಮ್ಮನೆ ನಕ್ಕ, ಬೆದರುಗೊಂಬೆಗೆ ಕೈಮುಗಿದು ಆರೋಗ್ಯ ವಿಚಾರಿಸಿದ, ಎಡಗಡೆಯ ಎತ್ತಿಗೆ ಹೆಣ್ಣು ನೋಡಲು ಹೊರಟೇಬಿಟ್ಟ. ಮೈಮೇಲೆ ದೇವರು ಬಂದನೆಂದು ಬೀಗರು ಭಂಡಾರ ಹಿಡಿದು ನಿಂತರು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಇಳಿದುಹೋಗಿದೆ ಎಂದು ಕಾಕಿಗೆ ಮಾತ್ರ ಹೊಳೆಯಿತು. ಪಾಂಡವರ ಮುಂದಿನ ಎಡೆಯಿಂದಲೇ ಬೆಲ್ಲ ಎತ್ತಿ ಗಂಡನ ಬಾಯಿಗೆ ತುರುಕಿದಳು. ದೇವರಿಗಿಂತ ಮೊದಲು ಗಂಡ ಉಂಡ.

ಸ್ವಲ್ಪ ಹೊತ್ತಿಗೆ ಕಾಕಾ ಎತ್ತಿನ ಮದುವೆಯನ್ನು ಮರೆತ, ಕಾಕಿ ಮರೆಯಲಿಲ್ಲ. ಇನ್ನು ಅಮಾವಾಸ್ಯೆಗೆ ಹೊಲದ ಕಡೆ ತಲೆ ಹಾಕಿ ಮಲಗುವುದೂ ಬೇಡವೆಂದು ಕಟ್ಟಪ್ಪಣೆ ಮಾಡಿದಳು. ಮುಂದಿನ ವರ್ಷಗಳಲ್ಲಿ ಹಬ್ಬ ಬಂದರೆ ಕಾಕಾ ಅಂಗಳದಲ್ಲಿ ಮುಖ ಊದಿಸಿಕೊಂಡು ಕೂರುತ್ತಿದ್ದ. ಒಮ್ಮೆ ಕಾಕಿಗೇ ಕರುಳು ಚುರುಕ್ಕೆಂದು, ಗಾಜಿನ ಸಿರಿಂಜನ್ನು ಹಳೆ ಸೀರೆಯಲ್ಲಿ ಸುತ್ತಿ ಬಂಡಿಯಲ್ಲಿ ಒಯ್ದಳು. ದಾರಿಯ ಕುಲುಕಾಟಕ್ಕೆ ಗಾಜು ಸೀಳುಬಿಟ್ಟಿತು, ಬಂಡಿ ಮನೆಗೆ ತಿರುಗಿತು. ಅಂದು ಕಾಕಾ ಅತ್ತೇಬಿಟ್ಟ.

ಎಂಬತ್ಮೂರರಲ್ಲಿ ಹುಮನಾಬಾದಿನ ಔಷಧದಂಗಡಿಯ ದೇವಿದಾಸ ಹೈದರಾಬಾದಿನಿಂದ ಎರಡು ಪ್ಲಾಸ್ಟಿಕ್ ಸಿರಿಂಜು ತರಿಸಿಕೊಟ್ಟ. ಕುದಿಸುವ ಕೆಲಸವಿಲ್ಲ, ಪಾಕೀಟು ಹರಿದು ಚುಚ್ಚಿ ಎಸೆಯುವುದು ಎಂದ. ಕುದಿಸದ ಸಾಮಾನನ್ನು ಗಂಡನ ಮೈಗೆ ತಾಗಿಸುವುದೇ? ಹಬ್ಬದ ಬೆಳಿಗ್ಗೆ ಕಾಕಿ ಗುಟ್ಟಾಗಿ ಒಂದನ್ನು ಕುದಿಸಿಯೇಬಿಟ್ಟಳು. ಅದು ಹಸಿಮೆಣಸಿನಕಾಯಿಯ ಹಾಗೆ ಡೊಂಕಾಗಿ ಮೇಲೆ ಬಂತು. ಉಳಿದದ್ದು ಒಂದೇ, ಅದೂ ಕೆಟ್ಟರೆ ಈ ವರ್ಷದ ಚರಗವೂ ಕೈತಪ್ಪಿದಂತೆ. ಆ ಪಾಕೀಟನ್ನು ಸೆರಗಿಗೆ ಗಂಟು ಹಾಕಿಕೊಂಡು, ಔಷಧದ ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡು ಬಂಡಿ ಹತ್ತಿದಳು.

ಈ ಸಲ ಕಾಕಾ ಚುಚ್ಚಿಸಿಕೊಳ್ಳದೆಯೇ ಹೋಗಿ, ನಾಲ್ಕೂ ಬದುವಿಗೆ ಕೂಗುತ್ತ ಕುಣಿಯುತ್ತ ಚರಗ ಚೆಲ್ಲಿ ಬಂದು ಕೂತ. ಕಾಕಿ ಪಾಕೀಟು ಹರಿದಳು, ಚುಚ್ಚಿದಳು, ರೊಟ್ಟಿ ಭಜ್ಜಿ ಮುಂದಿಟ್ಟಳು. ಕಾಕಾ ತಾಟು ಮುಟ್ಟಲಿಲ್ಲ, ಮೊದಲು ಚುಚ್ಚು ಎಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದ. ಆಗಲೇ ಆಯಿತೆಂದರೂ ನಂಬಲಿಲ್ಲ. ಖಾಲಿ ಸಿರಿಂಜು ತೋರಿಸಿದ ಮೇಲೆ ಅದರ ಕೂದಲಿನಷ್ಟು ಸಣ್ಣ ಸೂಜಿಯನ್ನೇ ನೋಡುತ್ತ ಕೂತ.

"ಇಷ್ಟ ವರ್ಷ ನೀ ನನ್ನ ಮ್ಯಾಲಿನ ಸಿಟ್ಟಿಗೇ ಅಷ್ಟು ಜೋರ್ ಚುಚ್ಚತಿ ಅಂತ ತಿಳಿದಿದ್ದೆ," ಎಂದ.

"ಸಿಟ್ಟೂ ಇತ್ರಿ," ಎಂದಳು ಕಾಕಿ. "ನೀವು ನನ್ನ ಬಿಟ್ಟು ಹೋಗ್ತೀರಿ ಅನ್ನೋ ಅಂಜಿಕಿ ಅದಕ್ಕಿಂತ ಜಾಸ್ತಿ ಇತ್ತು. ಉಣ್ರಿ ಈಗ."

ಬೀಗರೆಲ್ಲ ನೋಡುತ್ತಿರುವಂತೆಯೇ ಕಾಕಾ ರೊಟ್ಟಿ ಮುರಿದು, ಭಜ್ಜಿಯಲ್ಲಿ ಅದ್ದಿ, ಮೊದಲ ತುತ್ತನ್ನು ಹೆಂಡತಿಯ ಬಾಯಿಯ ಹತ್ತಿರ ಹಿಡಿದ. ಊರನ್ನೇ ಬೈಯುವ ನಮ್ಮ ಕಾಕಿ ಸುಮ್ಮನೆ ಬಾಯಿ ತೆರೆದಳು.