ಮೇಲಿನ ತಟ್ಟೆಯ ಸೆಕೆ

ಬೆಳಗ್ಗೆ ಇಸ್ತ್ರಿ ಗಾಡಿಯ ಇದ್ದಿಲ ವಾಸನೆ ಮೂಗಿಗೆ ಬಂದದ್ದೇ ತಡ, ದಿಬ್ಬೂರಹಳ್ಳಿಯ ನಮ್ಮ ರೇಷ್ಮೆ ಹುಳದ ಮನೆ ನೆನಪಾಯಿತು.

ನಾನು ಚಿಕ್ಕವನಿದ್ದಾಗಿನ ಒಂದು ಚಳಿಗಾಲ. ಆ ಸಲದ ಹುಳದ ಬೆಳೆ ಕೈಕೊಟ್ಟರೆ ನನ್ನ ಸೋದರತ್ತೆಯ ಮದುವೆ ಮುಂದಕ್ಕೆ ಹೋಗುತ್ತಿತ್ತು. ತಾತ ಕಂಬಳಿ ಹೊದ್ದು ನೆಲದಲ್ಲಿ ಕೂತು, ತಮಗೆ ಚಳಿಯಾದಾಗಲೆಲ್ಲ ಹುಳಗಳಿಗೂ ಚಳಿಯೆಂದು ಅಗ್ಗಿಷ್ಟಿಕೆಗೆ ಇದ್ದಿಲು ಸುರಿಯುತ್ತಿದ್ದರು.

ಒಂದರ ಮೇಲೊಂದು ಜೋಡಿಸಿದ್ದ ಹುಳದ ತಟ್ಟೆಗಳಲ್ಲಿ ಮೇಲಿನವಕ್ಕೆ ಸೊಪ್ಪು ಹಾಕಲು ಏಣಿ ಹತ್ತಿದ ಅತ್ತೆ ಗಾಬರಿಯಾದರು. "ಅಪ್ಪಾ, ಇಲ್ಲಿ ಬೇಯ್ತಾ ಐತೆ. ಹುಳ ಸೊಪ್ಪೇ ಮುಟ್ತಿಲ್ಲ."

"ಇಲ್ಲಿ ನನ್ ಕಾಲು ಮರಗಟ್ಟೈತೆ ಕಣಮ್ಮ," ಎಂದರು ತಾತ.

ಅಜ್ಜಿ ಬಂದು ನೋಡಿದರು. "ಕಾದ ಗಾಳಿ ಹಗುರ, ಮೇಲಕ್ಕೋಗ್ತೈತೆ. ತಣ್ಣಂದು ಭಾರ, ನಿಮ್ಮತ್ರಾನೇ ಕೂತ್ಕೊಂತೈತೆ. ತಟ್ಟೆ ಅದಲುಬದಲು ಮಾಡಿ."

ಕೆಂಡ ಕಡಿಮೆ ಮಾಡಿ, ಮೇಲಿನ ತಟ್ಟೆಗಳನ್ನು ಕೆಳಕ್ಕಿಳಿಸಿ, ಕೆಳಗಿನವನ್ನು ಮೇಲಿಟ್ಟರು.

"ನನ್ನೂ ಒಂದಿಷ್ಟೊತ್ತು ಮೇಲಿಡ್ರಮ್ಮ," ಎಂದರು ತಾತ.

ಯಾರೂ ನಗಲಿಲ್ಲ. ಇಳಿಸಿದ ತಟ್ಟೆಯನ್ನೇ ನೋಡುತ್ತಾ ಕೂತೆವು. ಬಹಳ ಹೊತ್ತಿನ ಮೇಲೆ ಒಂದು ಹುಳ ತಲೆಯಾಡಿಸಿ ಸೊಪ್ಪಿನ ಅಂಚು ಕಚ್ಚಿತು. ಆಮೇಲೆ ಅದರ ಪಕ್ಕದ್ದು.

ಅತ್ತೆಗೆ ಈಗ ಮೊಮ್ಮಗಳ ಮದುವೆಯ ಓಡಾಟ. ಫೋನು ಮಾಡಿ ಇದನ್ನೆಲ್ಲ ನೆನಪಿಸಿದೆ. "ಅಪ್ಪನ್ನ ಒಂದ್ಸಲ ಮೇಲಿಟ್ಟು ನೋಡ್ಬೇಕಿತ್ತು ಕಣೋ," ಎಂದು ಅಂದು ಬಾರದ ನಗು ಇಂದು ನಕ್ಕರು.